ಕಣಗಿಲೆಗೆ ತೊಡಿಸಿದ ಖಣ

ಒಂದೇ ಚಳಿಗಾಲದಲ್ಲಿ ನಾನು ಒಂದು ಗಿಡವನ್ನೂ ಒಬ್ಬ ಗೆಳತಿಯನ್ನೂ ಕಳೆದುಕೊಳ್ಳುವುದರಲ್ಲಿದ್ದೆ. ಎರಡಕ್ಕೂ ಕಾರಣ ಒಂದೇ ತುಂಡು ಬಟ್ಟೆ, ಮುಕ್ಕಾಲು ಮೀಟರೂ ಇರಲಿಲ್ಲ. ಗಿಡ ಹೋದರೆ ಗಾರ್ಡನ್ ಸೆಂಟರಿನಲ್ಲಿ ಇನ್ನೊಂದು ತರಬಹುದಿತ್ತು. ನಲವತ್ತು ವರ್ಷ ಜೊತೆಗಿದ್ದ ಗೆಳತಿಯನ್ನು ನನ್ನ ಎಪ್ಪತ್ನಾಲ್ಕನೇ ವಯಸ್ಸಿನಲ್ಲಿ ಎಲ್ಲಿಂದ ತರಲಿ?

ಗಿಡ ಯಾವುದೆಂದರೆ ಕಣಗಿಲೆ. ನಮ್ಮ ಬೆಂಗಳೂರಿನಲ್ಲಿ ರಸ್ತೆ ಮಧ್ಯದ ಧೂಳಿನಲ್ಲಿ, ಲಾರಿ ಹೊಗೆ ಕುಡಿದುಕೊಂಡು, ಯಾರೂ ನೀರು ಹಾಕದಿದ್ದರೂ ಬೆಳೆಯುತ್ತದೆ. ಮೈಯೆಲ್ಲ ವಿಷ, ಆಡು ಕೂಡ ಮೂಸಿ ನೋಡುವುದಿಲ್ಲ. ಅಂಥ ಗಟ್ಟಿಗಿತ್ತಿ ಇಂಗ್ಲೆಂಡಿಗೆ ಬಂದ ಮೇಲೆ ಎಷ್ಟು ನಾಜೂಕಾಗಿಬಿಟ್ಟಿತೆಂದರೆ ಒಂದು ರಾತ್ರಿ ಫ್ರಾಸ್ಟ್, ಅಂದರೆ ಹೆಪ್ಪುಗಟ್ಟಿದ ಇಬ್ಬನಿ, ಬಿದ್ದರೆ ಸಾಕು, ಹಾಸಿಗೆ ಹಿಡಿಯುತ್ತಿತ್ತು. ನನ್ನ ಗಂಡ ಇಲ್ಲಿ ಮ್ಯಾಂಚೆಸ್ಟರಿನಲ್ಲಿ ಅನೆಸ್ಥೆಟಿಸ್ಟ್, ಆಪರೇಷನ್ನಿಗೆ ಮುಂಚೆ ರೋಗಿಯನ್ನು ನಿದ್ದೆ ಮಾಡಿಸುವ ಡಾಕ್ಟರ್, ಆಗಿದ್ದರು. ಪ್ರತಿ ವರ್ಷ ಅಕ್ಟೋಬರ್ ಕೊನೆಗೆ ಕುಂಡವನ್ನು ಎರಡು ಚಕ್ರದ ಟ್ರಾಲಿಯ ಮೇಲೆ ಒರಗಿಸಿ ಗರಾಜಿಗೆ ತಳ್ಳಿಕೊಂಡು ಹೋಗುತ್ತಿದ್ದರು. ಹೋಗುವಾಗ ಗಿಡದ ಹತ್ತಿರ ಬಗ್ಗಿ, "ಈಗ ಸ್ವಲ್ಪ ನಿದ್ದೆ ಬರುತ್ತೆ, ಹತ್ತರಿಂದ ಹಿಂದಕ್ಕೆ ಎಣಿಸಮ್ಮ" ಅನ್ನುತ್ತಿದ್ದರು. ಮೇ ತಿಂಗಳಲ್ಲಿ ಮತ್ತೆ ಹೊರಗೆ ತಂದು ಮನೆ ಮುಂದೆ ಬೇ ವಿಂಡೋ ಪಕ್ಕ, ಬಿಸಿಲು ಬೀಳುವ ಗೋಡೆಗೆ ನಿಲ್ಲಿಸುತ್ತಿದ್ದರು.

ಅವರು ಹೋಗಿ ನಾಲ್ಕು ವರ್ಷವಾಗಿತ್ತು. ಟ್ರಾಲಿ ಇದೆ, ಗರಾಜ್ ಇದೆ, ಕುಂಡ ಮಾತ್ರ ನನ್ನ ಕೈಯಲ್ಲಿ ಒಂದಿಂಚೂ ಅಲ್ಲಾಡುವುದಿಲ್ಲ. ಮೊದಲ ಮೂರು ವರ್ಷ ಪಕ್ಕದ ಮನೆಯವರು ತಳ್ಳಿಕೊಟ್ಟರು. ಆಮೇಲೆ ಅವರು ಮನೆ ಮಾರಿಕೊಂಡು ಹೊರಟುಹೋದರು. ಲೀಡ್ಸಿನಲ್ಲಿರುವ ಮಗಳಿಗೆ ಫೋನಿನಲ್ಲಿ ಹೇಳಿಕೊಂಡೆ. "ಅಮ್ಮಾ, just get a heather" ಅಂದಳು. ಹೀದರ್ ಒಳ್ಳೆಯ ಗಿಡವೇ, ಹಿಮದಲ್ಲೂ ನಗುತ್ತಾ ಇರುತ್ತೆ. ಆದರೆ ಅದನ್ನು ಯಾರೂ ಎಣಿಸಿ ಮಲಗಿಸಿರಲಿಲ್ಲ.

ಹಾಗಾಗಿ ಆ ವರ್ಷ ಗಿಡವನ್ನು ಇದ್ದಲ್ಲೇ ಹೊದಿಸುವುದೆಂದು ತೀರ್ಮಾನಿಸಿದೆ. ಅದಕ್ಕಾಗಿ ಇಲ್ಲಿ ಫ್ಲೀಸ್ ಅಂತ ಸಿಗುತ್ತದೆ, ಸೊಳ್ಳೆಪರದೆಗಿಂತ ಸ್ವಲ್ಪ ದಪ್ಪ, ಅಚ್ಚ ಬಿಳುಪು. ಪ್ಯಾಕೆಟ್ಟಿನ ಮೇಲಿದ್ದ ಸೂಚನೆಯನ್ನು ನಾಲ್ಕು ಸಲ ಓದಿ, ಗಿಡಕ್ಕೆ ಮೂರು ಸುತ್ತು ಸುತ್ತಿ, ಮೇಲೆ, ನಡುವೆ, ಬುಡದಲ್ಲಿ ಹುರಿ ಬಿಗಿದೆ. ಕೆಲಸ ತುಂಬಾ ನೀಟಾಗಿತ್ತು. ಮಾರನೇ ಬೆಳಿಗ್ಗೆ ಕರ್ಟನ್ ಸರಿಸಿ ನೋಡುತ್ತೇನೆ, ಐದೂವರೆ ಅಡಿಯ ಒಂದು ಆಕೃತಿ, ಬಿಳಿ ಬಟ್ಟೆ ಸುತ್ತಿಸಿಕೊಂಡು, ಮೂರು ಕಡೆ ಕಟ್ಟಿಸಿಕೊಂಡು ನನ್ನ ಕಿಟಕಿಗೆ ಒರಗಿ ನಿಂತಿದೆ. ತಕ್ಷಣ ಕರ್ಟನ್ ಎಳೆದುಬಿಟ್ಟೆ. ಇಂಗ್ಲಿಷರಿಗೆ ಅದು ಗಿಡ. ನಮ್ಮ ಪೈಕಿ ಯಾರಿಗಾದರೂ ಅದು ಏನು ಅಂತ ಬಾಯಿಬಿಟ್ಟು ಹೇಳಬೇಕಿಲ್ಲ. ಪೋಸ್ಟ್‌ಮ್ಯಾನ್ ಕೂಡ ಕಾಗದ ಕೊಡುವಾಗ, ಯಾರನ್ನು ಕಟ್ಟಿಹಾಕಿದ್ದೀರಿ love, ಅಂತ ಕೇಳಿದ.

ಎರಡು ದಿನ ಕರ್ಟನ್ ಮುಚ್ಚಿಯೇ ಇಟ್ಟೆ. ಮೂರನೇ ದಿನ ಅನ್ನಿಸಿತು, ಫ್ಲೀಸ್ ಒಳಗಿರಲಿ, ಮೇಲೆ ಬಣ್ಣದ್ದು ಏನಾದರೂ ತೊಡಿಸಿದರೆ ಆಯಿತು. ಮೇಲಿನ ಕೋಣೆಯ ಬೀರುವಿನ ನೆತ್ತಿಯ ಮೇಲಿದ್ದ ಸೂಟ್‌ಕೇಸ್ ನೆನಪಾಯಿತು. ಅದರ ತುಂಬ ಬ್ಲೌಸ್ ಪೀಸ್.

ನಮ್ಮ ಹೆಂಗಸರ ಬ್ಲೌಸ್ ಪೀಸಿನ ವ್ಯವಹಾರ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ಅರಿಶಿನ ಕುಂಕುಮಕ್ಕೆ ಹೋದರೆ ಎಲೆ ಅಡಿಕೆ ಜೊತೆ ಒಂದು ಬ್ಲೌಸ್ ಪೀಸ್ ಕೊಡುತ್ತಾರೆ. ಗೌರಿ ಹಬ್ಬಕ್ಕೆ, ಗೃಹಪ್ರವೇಶಕ್ಕೆ, ಕೊನೆಗೆ ಮಗುವಿಗೆ ಹುಷಾರಾಯಿತು ಅಂತಲೂ ಕೊಡುತ್ತಾರೆ. ತೆಗೆದುಕೊಂಡವಳು ಅದನ್ನು ಹೊಲಿಸುವುದಿಲ್ಲ. ಅದರ ಬಣ್ಣಕ್ಕೆ ಸರಿಯಾದ ಸೀರೆ ಭೂಮಿಯ ಮೇಲೆ ಇರುವುದಿಲ್ಲ, ಈ ದೇಶದಲ್ಲಿ ಟೈಲರ್ ಬೇಕೆಂದರೆ ಲೆಸ್ಟರಿಗೆ ಹೋಗಬೇಕು. ಅವಳು ಅದನ್ನು ಇನ್ನೊಬ್ಬಳಿಗೆ ಕೊಡುತ್ತಾಳೆ. ಹೀಗೆ ಬರ್ಮಿಂಗ್‌ಹ್ಯಾಮಿನಿಂದ ಹೊರಟ ಕಿತ್ತಳೆ ಬಣ್ಣದ ಒಂದು ಪೀಸು ಡಾಕ್ಟರುಗಳ ಮನೆಯಿಂದ ಮನೆಗೆ ಇಪ್ಪತ್ತು ವರ್ಷ ಸುತ್ತಿ, ಮಡಿಕೆ ಬಿಚ್ಚದೆ, ಹೊರಟ ಮನೆಗೇ ವಾಪಸ್ ಬಂದದ್ದು ನನಗೆ ಗೊತ್ತು. ಎಲ್ಲರಿಗೂ ಗೊತ್ತು. ಯಾರೂ ಮಾತಾಡುವುದಿಲ್ಲ. ಬೇರೆಯವರಿಗೆ ದಾಟಿಸಿದರೆ ತಪ್ಪಿಲ್ಲ. ಬಳಸಿದರೆ ಮಾತ್ರ ಏನೋ ಅಪಚಾರ ಆದ ಹಾಗೆ.

ನನ್ನ ಸೂಟ್‌ಕೇಸಿನ ಪೀಸುಗಳು ನಾಲ್ಕು ವರ್ಷದಿಂದ ನಿಂತ ನೀರು. ಗಂಡ ಹೋದ ಮೇಲೆ ನನ್ನನ್ನು ಅರಿಶಿನ ಕುಂಕುಮಕ್ಕೆ ಕರೆಯುವುದೋ ಬೇಡವೋ ಅಂತ ಎಲ್ಲರಿಗೂ ಸಂಕಟ. ಪಾಪ, ಎಲ್ಲರೂ ಒಳ್ಳೆಯವರೇ. ಕರೆಯುತ್ತಾರೆ. ಎಲ್ಲರಿಗೂ ಬ್ಲೌಸ್ ಪೀಸ್ ಕೊಟ್ಟು ನನ್ನ ಹತ್ತಿರ ಬಂದಾಗ ಒಂದು ಕ್ಷಣ ತಡೆದು, ಚಾಕೊಲೇಟ್ ಡಬ್ಬಿ ಕೊಡುತ್ತಾರೆ. ನನಗೆ ಶುಗರ್ ಇದೆ. ಅದೂ ಅವರಿಗೆ ಗೊತ್ತು, ಹೆಚ್ಚಿನವರು ಡಾಕ್ಟರುಗಳೇ.

ಸೂಟ್‌ಕೇಸ್ ಇಳಿಸಿ ಎಣಿಸಿದರೆ ಅರವತ್ತೊಂದು ಇದ್ದವು. ಕಾನ್ವೆಂಟಿನಲ್ಲಿ ಸಿಸ್ಟರುಗಳು ನಮಗೆ ಹೊಲಿಗೆ ಕಲಿಸಿದ್ದು ಸುಮ್ಮನೆ ಅಲ್ಲ. ಹಿಂಬದಿ ಮುಂಬದಿ ಒಂದೇ ಥರ ಕಾಣಬೇಕು, ಯಾಕೆಂದರೆ God sees the wrong side too, ಅನ್ನುತ್ತಿದ್ದರು. ಹದಿನೆಂಟು ಪೀಸು ಆರಿಸಿ, ಜೋಡಿಸಿ, ಅಂಚು ಒಳಗೆ ಮಡಿಚಿ ಎರಡು ಸಲ ಹೊಲಿಯುವ ರನ್ ಅಂಡ್ ಫೆಲ್ ಹಾಕಿ, ಕಣಗಿಲೆಗೆ ಒಂದು ಉದ್ದ ಕೋಟು ಹೊಲಿದೆ. ಹಿಂದೆ ಹುಕ್ಕು, ಕುತ್ತಿಗೆಗೆ ಲಾಡಿ. ನಡುವಿನ ಭಾಗಕ್ಕೆ ಒಂದು ಗಟ್ಟಿಯಾದ ಬಟ್ಟೆ ಬೇಕಿತ್ತು. ರಾಶಿಯ ತಳದಲ್ಲಿ ನೀಲಿ ಬಣ್ಣದ, ಕೆಂಪು ಅಂಚಿನ, ಕೈಮಗ್ಗದ್ದೊಂದು ಸಿಕ್ಕಿತು. ಯಾರು ಕೊಟ್ಟದ್ದು ಅಂತ ಯೋಚಿಸಲಿಲ್ಲ. ಅರವತ್ತೊಂದರಲ್ಲಿ ಯಾರು ಯೋಚಿಸುತ್ತಾರೆ?

ನೋಡಲು ಎಷ್ಟು ಚೆನ್ನಾಗಿತ್ತು ಅಂತೀರಿ. ರಸ್ತೆಯಲ್ಲಿ ಮಕ್ಕಳನ್ನು ತಳ್ಳಿಕೊಂಡು ಹೋಗುವ ಪ್ರಾಮ್‌ಗಳು ನಿಲ್ಲುತ್ತಿದ್ದವು. ಬಟ್ಟೆ ಒದ್ದೆಯಾದರೆ ಗಿಡಕ್ಕೆ ಇನ್ನೂ ಕೇಡು, ಆದ್ದರಿಂದ ಬೆಳಿಗ್ಗೆ ಬಿಚ್ಚಿ ರೇಡಿಯೇಟರ್ ಮೇಲೆ ಹಾಕಿ, ಸಂಜೆ ನಾಲ್ಕಕ್ಕೆ ಕತ್ತಲಾಗುವ ಮುಂಚೆ ತೊಡಿಸುತ್ತಿದ್ದೆ. ಮಳೆ ಬರುವ ದಿನ ಮೇಲೊಂದು ಹಳೆಯ ರೇನ್‌ಕೋಟು. ಎದುರುಮನೆಯ ಇಂಗ್ಲಿಷ್ ಮುದುಕ ಇದೇನೋ ನಮ್ಮ ವ್ರತ ಅಂದುಕೊಂಡು, ನಾನು ಹುಕ್ಕು ಹಾಕುವಾಗ ಟೋಪಿ ತೆಗೆಯಲು ಶುರು ಮಾಡಿದ. ಅವನಿಗೆ ಬೇಸರವಾಗದಿರಲಿ ಅಂತ ನಾನೂ ತಿದ್ದಲಿಲ್ಲ.

ಈಗ ಗೆಳತಿಯ ವಿಷಯ. ಅವಳು ಧಾರವಾಡದವಳು, ಹಡರ್ಸ್‌ಫೀಲ್ಡಿನಲ್ಲಿರುತ್ತಾಳೆ. ರಿಟೈರ್ ಆಗುವವರೆಗೆ ಹೆರಿಗೆ ಡಾಕ್ಟರ್. ಅವಳನ್ನು ನಾನು ತಮಾಷೆಗೆ ಡಾಕ್ಟ್ರೇ ಅಂತಲೇ ಕರೆಯುವುದು. ಅವಳು ನನ್ನನ್ನು ಏನವಾ ಅನ್ನುತ್ತಾಳೆ. ಪ್ರತಿ ಗುರುವಾರ ರೈಲು ಹಿಡಿದು ಮ್ಯಾಂಚೆಸ್ಟರಿಗೆ, ಅಲ್ಲಿಂದ ಟ್ರಾಮ್‌ನಲ್ಲಿ ನಮ್ಮ ಮನೆಗೆ. ಬಿಸ್ಕತ್ತಿನ ಡಬ್ಬಿಯಲ್ಲಿ ಜೋಳದ ರೊಟ್ಟಿ ತರುತ್ತಾಳೆ. ಉಂಡು, ಟಿವಿಯಲ್ಲಿ ಸ್ನೂಕರ್ ನೋಡುತ್ತೇವೆ. ಇಬ್ಬರಿಗೂ ರೂಲ್ಸ್ ಗೊತ್ತಿಲ್ಲ. ನನ್ನ ಗಂಡ ಹೋದ ಮೇಲೆ ನನ್ನ ವಾರ ಗುರುವಾರದಿಂದ ಗುರುವಾರಕ್ಕೆ ಅಂತ ಲೆಕ್ಕವಾಗಿತ್ತು.

ಕೋಟು ಹೊಲಿದ ಮೇಲಿನ ಗುರುವಾರ ಬಂದಳು. ಮೋಡ ಕವಿದು ವಿಪರೀತ ಚಳಿಯಿತ್ತು, ಹಾಗಾಗಿ ಅವತ್ತು ಕೋಟು ಬಿಚ್ಚಿರಲಿಲ್ಲ. ಬಾಗಿಲು ತೆಗೆದರೆ ಅವಳು ಮೆಟ್ಟಿಲ ಹತ್ತಿರ ಬರದೆ ಗಿಡದ ಮುಂದೆ ನಿಂತಿದ್ದಾಳೆ. ಗ್ಲೌಸ್ ಕಳಚಿ, ಎರಡು ಬೆರಳಿನಲ್ಲಿ ನೀಲಿ ಬಟ್ಟೆಯನ್ನು ಹಿಡಿದು ನೋಡುತ್ತಿದ್ದಾಳೆ.

"ಇದು ನಮ್ಮವ್ವನ ಖಣ ಅದ" ಅಂದಳು.

ಅಷ್ಟೇ ಅಂದದ್ದು. ನನಗೆ ಆಗ ನೆನಪಾಯಿತು. ಮೂವತ್ತು ವರ್ಷದ ಹಿಂದೆ ಅವಳ ತಾಯಿ ಒಂದೇ ಒಂದು ಸಲ ಈ ದೇಶಕ್ಕೆ ಬಂದಿದ್ದರು. ನಮ್ಮ ಮನೆಗೂ ಬಂದು, ಇದೇ ಮುಂದಿನ ರೂಮಿನಲ್ಲಿ ನನ್ನನ್ನು ಕೂರಿಸಿ, ಅಕ್ಕಿ, ಕೊಬ್ಬರಿ ಬಟ್ಟಲು ಇಟ್ಟು ಉಡಿ ತುಂಬಿದ್ದರು. ಗುಳೇದಗುಡ್ಡದ ಕುಬಸದ ಖಣ, ಎರಡೇ ತಂದೀನಿ, ಒಂದು ಮಗಳಿಗೆ, ಒಂದು ನಿನಗೆ, ಹೊಲಿಸಿಕೋ ಅಂದಿದ್ದರು. ಕುಬಸ ಅಂದರೆ ಅವರ ಕಡೆ ಬ್ಲೌಸ್. ಬೇರೆ ಅರವತ್ತು ಪೀಸು ಯಾರದ್ದಾದರೂ ಆಗಲಿ, ಇದು ದಾಟಿ ಬಂದದ್ದಲ್ಲ.

ಆ ದಿನ ಅವಳು ರೊಟ್ಟಿ ಬಡಿಸಿದಳು, ಉಂಡಳು, ತಟ್ಟೆ ತೊಳೆದಳು. ಸ್ನೂಕರ್ ಹಾಕಿದರೆ ಗೋಡೆಯ ಗಡಿಯಾರ ನೋಡಿದಳು. ಮೂರು ಗಂಟೆಯ ಟ್ರಾಮಿಗೇ ಹೊರಟುಬಿಟ್ಟಳು. ಮುಂದಿನ ಗುರುವಾರ ಬೆಳಿಗ್ಗೆ ಫೋನು ಮಾಡಿ, ಟ್ರೇನ್ ಸ್ಟ್ರೈಕ್, ಬರುವುದಕ್ಕಾಗುವುದಿಲ್ಲ ಅಂದಳು. ನಾನು ಫೋನಿಟ್ಟು ಸ್ಟೇಷನ್ನಿನ ವೆಬ್‌ಸೈಟ್ ನೋಡಿದೆ. ಟ್ರೇನುಗಳು ಸುಳ್ಳು ಹೇಳದೆ ಓಡುತ್ತಿದ್ದವು. ಅದರ ಮುಂದಿನ ವಾರ ಮೊಣಕಾಲು ನೋವು. ಆಮೇಲೆ ಫೋನೂ ಇಲ್ಲ.

ಇತ್ತ ಯಾರೋ ನನ್ನ ಗಿಡದ ಫೋಟೋ ತೆಗೆದು ನಮ್ಮ ಹೆಂಗಸರ ವಾಟ್ಸಾಪ್ ಗುಂಪಿಗೆ ಹಾಕಿದ್ದರು. ಮೊದಲ ದಿನ ಎಲ್ಲರೂ ಹೃದಯದ ಚಿತ್ರ ಕಳಿಸಿದರು. ಎರಡನೇ ದಿನ ಯಾರೋ ಫೋಟೋವನ್ನು ದೊಡ್ಡದು ಮಾಡಿ ನೋಡಿರಬೇಕು. ಮೂರನೇ ದಿನದಿಂದ, ಕೋಟು ತೊಡಿಸುವ ಹೊತ್ತಿಗೆ ಸರಿಯಾಗಿ, ಜನ ಬರಲು ಶುರುವಾಯಿತು. ವರ್ಷಗಟ್ಟಲೆ ನನ್ನ ಪೋಸ್ಟ್‌ಕೋಡ್ ಮರೆತಿದ್ದವರೆಲ್ಲ, ಈ ಕಡೆ ಡೆಂಟಿಸ್ಟ್ ಅಪಾಯಿಂಟ್‌ಮೆಂಟ್ ಇತ್ತು, ಹಾಗೇ ಬಂದೆ, ಅಂತ ಬಂದರು. ನಮ್ಮ ಬಡಾವಣೆ ಡಿಡ್ಸ್‌ಬರಿಯಲ್ಲಿ ಅಷ್ಟೊಂದು ಡೆಂಟಿಸ್ಟುಗಳಿಲ್ಲ. ಬಂದವರು ನನ್ನ ಆರೋಗ್ಯ ವಿಚಾರಿಸುತ್ತಾ ಗಿಡಕ್ಕೆ ಪ್ರದಕ್ಷಿಣೆ ಬರುತ್ತಿದ್ದರು. ಬಗ್ಗಿ ಅಂಚು ನೋಡುತ್ತಿದ್ದರು.

ಲೆಸ್ಟರಿನಿಂದ ಬಂದವಳೊಬ್ಬಳು ಹಳದಿ ಪೀಸಿನ ಮುಂದೆ ಕಲ್ಲಾಗಿ ನಿಂತಳು. ಅದನ್ನು ಅವಳು ಕೊಟ್ಟದ್ದು ನನಗಲ್ಲ, ತನ್ನ ನಾದಿನಿಗೆ. ನಾದಿನಿ ಅದನ್ನು ಹೊಲಿಸಿಕೊಂಡಿದ್ದೇನೆ, ತುಂಬಾ ಚೆನ್ನಾಗಿ ಫಿಟ್ ಆಗಿದೆ ಅಂತ ಹೇಳಿದ್ದಳಂತೆ. ಇನ್ನೊಬ್ಬಳು ಎರಡು ಸುತ್ತು ಬಂದು, ಕೋಟಿನ ಒಳಗೂ ಇಣುಕಿ, ಮುಖ ಸಣ್ಣ ಮಾಡಿಕೊಂಡಳು. ಆಂಟಿ, ನಾನು ಕೊಟ್ಟದ್ದು ಗಿಡಕ್ಕೂ ಬೇಡವಾಯಿತಾ, ಅಂತ ಕೇಳಿದಳು. ಒಳಗೆ ಕರೆದು ಸೂಟ್‌ಕೇಸ್ ತೋರಿಸಿ, ಅವಳ ನೇರಳೆ ಪೀಸು ಹುಡುಕಿ, ಅದನ್ನು ಅವಳ ಕಣ್ಣೆದುರೇ ಫ್ಯೂಷಿಯಾ ಹೂಗಿಡದ ಕುಂಡಕ್ಕೆ ಕಟ್ಟಿದ ಮೇಲೆ ಸಮಾಧಾನವಾಗಿ ಕಾಫಿ ಕುಡಿದಳು. ಮತ್ತೊಬ್ಬಳು ಆರು ಹೊಸ ಪೀಸು ತಂದು, ಇವು ಸ್ಪ್ರಿಂಗ್‌ವರೆಗೆ ಸಾಕಲ್ವಾ ಅಂದಳು. ನಾಲ್ಕು ವರ್ಷದ ಮೇಲೆ ನನ್ನ ಕೈಗೆ ಬ್ಲೌಸ್ ಪೀಸ್ ಬಂತು, ಅದೂ ಗಿಡದ ಹೆಸರಿನಲ್ಲಿ. ನಾನೂ ಥ್ಯಾಂಕ್ಸ್ ಹೇಳಿ ತೆಗೆದುಕೊಂಡೆ.

ಎಲ್ಲರೂ ಬಂದರು. ಬರಬೇಕಾದವಳು ಬರಲಿಲ್ಲ.

ಆರನೇ ಗುರುವಾರವೂ ಖಾಲಿ ಹೋದ ಮೇಲೆ, ಶುಕ್ರವಾರ ಕೋಟನ್ನು ಟೇಬಲ್ ಮೇಲೆ ಹರಡಿ, ನೀಲಿ ಖಣದ ಹೊಲಿಗೆ ಬಿಚ್ಚಲು ಕೂತೆ. ಸಿಸ್ಟರುಗಳ ಹೊಲಿಗೆ ಬಿಚ್ಚುವುದು ಎಂದರೆ ಸುಮ್ಮನೆ ಮಾತಲ್ಲ. ಒಂದು ದಿನ ಪೂರಾ ಬೇಕಾಯಿತು. ಶನಿವಾರ ತಣ್ಣೀರಿನಲ್ಲಿ ಒಗೆದು, ಇಸ್ತ್ರಿ ಮಾಡಿದೆ. ದಿನಾ ರೇಡಿಯೇಟರಿಗೆ ತಾಗಿದ ಕಡೆ ಬಣ್ಣ ಸ್ವಲ್ಪ ತಿಳಿಯಾಗಿತ್ತು. ಕಾಗದ ಬರೆಯಲು ಮೂರು ಸಲ ಶುರು ಮಾಡಿ, ಕೊನೆಗೆ sorry ಅಂತ ಒಂದೇ ಮಾತು ಬರೆದು, ಪಾರ್ಸೆಲ್ ಮಾಡಿ ಪೋಸ್ಟ್ ಆಫೀಸಿಗೆ ಹೋಗಿ ಬಂದೆ. ಕೋಟಿನ ನಡುವೆ ಬಾಗಿಲಷ್ಟು ದೊಡ್ಡ ತೂತು. ಬೇರೆ ಪೀಸು ಹಾಕಿ ನಾಳೆ ಹೊಲಿದರಾಯಿತು ಅಂದುಕೊಂಡೆ. ಬೆರಳುಗಳು ಮಡಚುತ್ತಿರಲಿಲ್ಲ. ಫ್ಲೀಸ್ ಕೂಡ ಒಗೆಯಲು ತೆಗೆದಿದ್ದೆ. ಒಂದು ದಿನ ತಾನೇ.

ಮಾರನೇ ಬೆಳಿಗ್ಗೆ ಕರ್ಟನ್ ತೆಗೆದರೆ ಡಿಡ್ಸ್‌ಬರಿ ಪೂರ್ತಿ ಬೆಳ್ಳಗೆ ಹೊಳೆಯುತ್ತಿತ್ತು. ಕಾರುಗಳು, ಕಸದ ಬಿನ್ನುಗಳು, ಎದುರುಮನೆಯ ಮುದುಕನ ಗೇಟು, ಎಲ್ಲದರ ಮೇಲೂ ರವೆ ಉದುರಿಸಿದ ಹಾಗೆ. ಕಣಗಿಲೆ ಬರಿಮೈಯಲ್ಲಿ ನಿಂತಿತ್ತು. ಎರಡು ದಿನದಲ್ಲಿ ಎಲೆಗಳೆಲ್ಲ ಬೇಯಿಸಿದ ಸೊಪ್ಪಿನ ಬಣ್ಣಕ್ಕೆ ತಿರುಗಿ ಜೋತುಬಿದ್ದವು.

ಮಂಗಳವಾರ ಫೋನು ಬಂತು.

"ಏನ್ ಕಳಿಸೀಯವಾ ಇದು?"

ನಿಮ್ಮ ತಾಯಿ ಕೊಟ್ಟದ್ದು, ನಿನ್ನ ಹತ್ತಿರ ಇರಲಿ ಅಂತ, ಅಂದೆ.

"ಅದಿರಲಿ. ಗಿಡಕ್ಕ ಏನ್ ಹೊದಿಸೀ?"

ಅಲ್ಲಿ ಚಳಿ ಹೇಗಿದೆ ಅಂತ ನಾನು ಕೇಳಿದೆ. ಅವಳಿಗೆ ನಲವತ್ತು ವರ್ಷದ ಪ್ರಾಕ್ಟೀಸು, ಫೋನಿನಲ್ಲಿ ಯಾರು ಯಾಕೆ ಮಾತು ತಿರುಗಿಸುತ್ತಾರೆ ಅನ್ನುವುದು ತಿಳಿಯುತ್ತದೆ.

"ಎಷ್ಟು ದಿನ ಆತು?" ಅಂದಳು.

"ಮೂರು."

"ಮುಟ್ಟಬ್ಯಾಡ. ನೀರು ಹಾಕಬ್ಯಾಡ. ನಾ ಬರ್ತೀನಿ."

ಬುಧವಾರವೇ ಬಂದಳು. ರೊಟ್ಟಿ ಇಲ್ಲ, ಮುಗುಳ್ನಗೆಯೂ ಇಲ್ಲ. ಕೈಗೆ ರಬ್ಬರ್ ಗ್ಲೌಸ್ ಏರಿಸಿ, ಚೀಲದಿಂದ ಸಣ್ಣ ಚಾಕು ತೆಗೆದು, ಹತ್ತಿರ ಹೋದ ನನಗೆ, ಆಪರೇಷನ್ ಥಿಯೇಟರಿನ ಬಾಗಿಲಲ್ಲಿ ಅನ್ನುವ ಹಾಗೆ, "ರಿಲೇಟಿವ್ಸ್ ಆ ಕಡೆ" ಅಂದಳು. ಕಣಗಿಲೆಯ ಹಾಲು ವಿಷ, ಕಣ್ಣಿಗೆ ಹಾರಿದರೆ ಕಷ್ಟ, ಆದರೆ ಅವಳ ದನಿ ಅಷ್ಟು ಬಿರುಸಾಗಿದ್ದದ್ದು ಅದಕ್ಕಲ್ಲ. ತುದಿಯ ಕೊಂಬೆಯ ಸಿಪ್ಪೆಯನ್ನು ಚಾಕುವಿನಿಂದ ಕೆರೆದಳು. ಒಳಗೆ ಕಂದು. ಒಂದಡಿ ಕೆಳಗೆ ಕೆರೆದಳು, ಕಂದು. ಇನ್ನೊಂದಡಿ, ಕಂದು. ನಾನು ಮೆಟ್ಟಿಲ ಮೇಲೆ ಕೂತುಬಿಟ್ಟೆ. ಕೂತರೆ ಚಳಿ ಸೀರೆಯಿಂದ ನೇರ ಮೂಳೆಗೆ ಹೋಗುತ್ತಿತ್ತು. ಅವಳು ಎಪ್ಪತ್ತೈದರ ಮೊಣಕಾಲನ್ನು ಊರಿ ಮಣ್ಣಿನ ಹತ್ತಿರ ಬಗ್ಗಿದಳು.

"ಇಲ್ಲಿ ಹಸಿರು ಅದ" ಅಂದಳು. ಮಣ್ಣಿನಿಂದ ಒಂದು ಗೇಣು ಮೇಲೆ.

ಅಲ್ಲಿಂದ ಮೇಲಿನದನ್ನೆಲ್ಲ ಕತ್ತರಿಸಿ ಹಾಕಿದಳು. ಐದೂವರೆ ಅಡಿಯ ಗಿಡ ಕಾಫಿ ಫಿಲ್ಟರಿನಷ್ಟು ಎತ್ತರವಾಯಿತು. ಬುಡಕ್ಕೆ ಒಣಹುಲ್ಲು ಒತ್ತಿ, ಬಿಳಿ ಫ್ಲೀಸಿನ ಒಂದು ತುಂಡು ಸುತ್ತಿದಳು. ಈಗ ಅದು ನೋಡಲು ಯಾರ ಹಾಗೂ ಇರಲಿಲ್ಲ, ಟಿಫನ್ ಕಟ್ಟಿದ ಹಾಗಿತ್ತು. ಆಮೇಲೆ ಅಡಿಗೆಮನೆಗೆ ಬಂದು ಮೊಣಕೈವರೆಗೆ ಕೈ ತೊಳೆಯತೊಡಗಿದಳು. ನಲ್ಲಿ ಬಿಟ್ಟುಕೊಂಡೇ, ನನ್ನ ಕಡೆ ತಿರುಗದೆ ಮಾತಾಡಿದಳು.

"ಗಿಡಕ್ಕ ಹಾಕಿದ್ದಕ್ಕ ನನಗ ಸಿಟ್ಟಿಲ್ಲ. ಮೂವತ್ತು ವರ್ಷ ನೀ ಅದನ್ನ ಹೊಲಿಸೇ ಇಲ್ಲ. ನಮ್ಮವ್ವ ಇರೂತನಕ ಫೋನಿನ್ಯಾಗ ಕೇಳ್ತಿದ್ಲು, ನಿನ್ನ ಗೆಳತಿ ಕುಬಸ ಹಾಕ್ಕೊಂಡ್ಲೇನು ಅಂತ. ನಾ ಹೂಂ ಅಂತಿದ್ದೆ. ಭಾಳ ಛಂದ ಕಾಣ್ತಾಳ ಅಂತಿದ್ದೆ."

ಸೀರೆಗೆ ಮ್ಯಾಚ್ ಆಗಲಿಲ್ಲ, ಟೈಲರ್ ಸಿಗಲಿಲ್ಲ, ಅಂತ ಎಲ್ಲರಿಗೂ ಹೇಳುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಆ ಬೆನ್ನಿಗೆ ಸುಳ್ಳು ಹೇಳಲು ಆಗಲಿಲ್ಲ.

"ನನಗೆ ನಾಚಿಕೆ ಆಗ್ತಿತ್ತು ಕಣೇ" ಅಂದೆ. "ಅದನ್ನ ಹಾಕ್ಕೊಂಡ್ರೆ ಹಳ್ಳಿಯವಳ ಥರ ಕಾಣ್ತೀನಿ ಅಂತ. ಹಾಸ್ಪಿಟಲ್ ಡಿನ್ನರ್‌ಗಳಿಗೆ ಲೇಸ್ ಕಾಲರ್ ಬ್ಲೌಸ್ ಹಾಕ್ಕೊಂಡು ಹೋಗ್ತಿದ್ದೆನಲ್ಲ, ಆಗ."

ನಲ್ಲಿ ನಿಂತಿತು. ನನ್ನ ಟವೆಲ್ಲಿನಲ್ಲಿ ಒಂದೊಂದೇ ಬೆರಳು ಒರೆಸಿಕೊಂಡಳು. ಬಯ್ಯುತ್ತಾಳೆ, ಇಲ್ಲ ಅಳುತ್ತಾಳೆ ಅಂದುಕೊಂಡೆ.

"ಆ ಲೇಸ್ ಕಾಲರಿನ್ಯಾಗ ನೀ ಥೇಟ್ ಕ್ರಿಸ್‌ಮಸ್ ಕೇಕ್ ಕಂಡಂಗ ಕಾಣ್ತಿದ್ದಿ" ಅಂದಳು. "ಎಲ್ಲಾರೂ ಅಂತಿದ್ರು. ನಿನ್ನ ಗಂಡನೂ ಅಂದಿದ್ದ."

ನನ್ನ ಗಂಡ ಹಾಗೆ ಅಂದಿದ್ದರೇ ಅನ್ನುವುದನ್ನು ಈಗ ಯಾರ ಹತ್ತಿರ ಕೇಳಲಿ? ನನಗೆ ನಗು ಬಂತು, ಮೂಗಿನಲ್ಲಿ ನೀರೂ ಬಂತು. ಅವಳು ಚೀಲಕ್ಕೆ ಕೈ ಹಾಕಿ, ನಾನು ಕಳಿಸಿದ್ದ ಪಾರ್ಸೆಲನ್ನು ತೆಗೆದು ಟೇಬಲ್ ಮೇಲಿಟ್ಟಳು. ಕಾರ್ಡಿಗನ್ ಬಿಚ್ಚು, ಅಳತೆ ತಗೋತೀನಿ ಅಂದಳು.

ಅಳತೆ ತೆಗೆದರೆ ಬಟ್ಟೆ ಸಾಲದು. ಖಣ ನೇಯುವಾಗ ಎಪ್ಪತ್ನಾಲ್ಕು ವರ್ಷದ, ಮೂವತ್ತು ವರ್ಷ ಮಾರ್ಮಲೇಡ್ ತಿಂದ ಹೆಂಗಸಿಗೆ ಅಂತ ನೇಯುವುದಿಲ್ಲ. ಅವಳು ಟೇಪನ್ನು ಎರಡು ಸಲ ಸುತ್ತಿ ನೋಡಿ, ಡಯಾಗ್ನೋಸಿಸ್ ಹೇಳುವವಳ ಹಾಗೆ ತಲೆ ಆಡಿಸಿದಳು. ಎರಡೂ ಪಕ್ಕೆಗೆ ಬೇರೆ ಬಟ್ಟೆಯ ಪಟ್ಟಿ ಕೊಟ್ಟರೆ ಆಗುತ್ತೆ, ನಾನೇ ಹೊಲಿಯುತ್ತೇನೆ ಅಂದೆ. ಹೊಲಿದ ಮ್ಯಾಲೆ ಹೇಳು, ನೋಡೂಣು ಅಂತ ಹೊರಟಳು. ಮುಂದಿನ ಗುರುವಾರ ಬರುವೆಯಾ ಅಂತ ನಾನು ಕೇಳಲಿಲ್ಲ. ಅವಳೂ ಹೇಳಲಿಲ್ಲ.

ಎಂಟು ದಿನ ಹೊಲಿದೆ. ಕನ್ನಡಕದ ಮೇಲೆ ಭೂತಗನ್ನಡಿ ಹಿಡಿದುಕೊಂಡು ಹೊಲಿದೆ. ಪಕ್ಕೆಗೆ ಕೆಂಪು ರುಬಿಯಾ ಪಟ್ಟಿ. ಮಾಸಿದ ಭಾಗ ಬೆನ್ನಿಗೆ ಬರಲಿ ಅಂತ ಲೆಕ್ಕ ಹಾಕಿದ್ದೆ, ಲೆಕ್ಕ ತಪ್ಪಿ ಎದೆಗೇ ಬಂತು. ಮುಗಿದ ದಿನ ಫೋನು ಮಾಡಿ, ಆಯಿತು, ಅಂತಷ್ಟೇ ಹೇಳಿದೆ.

ಅದು ಬುಧವಾರ. ಗುರುವಾರ ಹನ್ನೊಂದೂವರೆಗೆ ಗೇಟು ಸದ್ದಾಯಿತು. ಸೋನೆ ಹನಿಯುತ್ತಿತ್ತು. ನಾನು ಥರ್ಮಲ್ ವೆಸ್ಟಿನ ಮೇಲೆ ಕುಬಸ, ಅದರ ಮೇಲೆ ಸೀರೆ, ಅದರ ಮೇಲೆ ಕಾರ್ಡಿಗನ್ ಹಾಕಿಕೊಂಡು ಮೆಟ್ಟಿಲಿಳಿದೆ. ಅವಳು ಮೊದಲು ಗಿಡದ ಹತ್ತಿರ ಹೋಗಿ, ಫ್ಲೀಸ್ ಸರಿಸಿ, ಬೆರಳಿನಿಂದ ಬುಡ ಒತ್ತಿ ನೋಡಿ, ಮತ್ತೆ ಮುಚ್ಚಿದಳು. ಹೇಗಿದೆ ಅಂದರೆ, ಮೇ ತನಕ ಕೇಳಬ್ಯಾಡ ಅಂದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಕಾರ್ಡಿಗನ್ ತೆಗಿ."

"ಇಲ್ಲೇನಾ? ರಸ್ತೆಯಲ್ಲಿ?"

"ಗಿಡಕ್ಕ ರಸ್ತ್ಯಾಗ ತೊಡಸಿದ್ದಿಲ್ಲ?"

ತೆಗೆದೆ. ನಾಯಿ ಹಿಡಿದುಕೊಂಡು ಹೋಗುತ್ತಿದ್ದ ಹುಡುಗಿಯೊಬ್ಬಳು ನಿಂತು ನೋಡಿದಳು. ಗೆಳತಿ ನನ್ನ ಸುತ್ತ ಒಂದು ಪ್ರದಕ್ಷಿಣೆ ಬಂದಳು. ಸೆರಗು ಸರಿಸಿ ಪಕ್ಕೆಯ ಪಟ್ಟಿ ನೋಡಿದಳು, ತೋಳಿನ ಕೆಂಪು ಅಂಚನ್ನು ಎರಡು ಬೆರಳಲ್ಲಿ ಹಿಡಿದು, ತುಂಬಾ ಹೊತ್ತು ಹಾಗೇ ಹಿಡಿದುಕೊಂಡಿದ್ದಳು. ಹನಿ ಅವಳ ಕನ್ನಡಕದ ಮೇಲೂ ಬೀಳುತ್ತಿತ್ತು.

"ತೋಳು ಬಿಗಿ ಆಗ್ಯಾವು" ಅಂದಳು. "ನಡಿ ಒಳಗ, ಥಂಡಿ ಆದೀತು."